ಕಥೆಗೆಷ್ಟು ಅಂಕ, ಚಿತ್ರಕ್ಕೆಷ್ಟು?

ನಮಸ್ಕಾರ.

ನಿಮ್ಮ ಪತ್ರ ಉದ್ದವಾಗಿತ್ತು, ಉತ್ತರವೂ ಉದ್ದವಾಗೇ ಇದೆ. ಉಳಿದ ಓದುಗರಿಗಾಗಿ ನೀವು ಬರೆದದ್ದನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ನ 33ನೇ ಸಂಚಿಕೆಯನ್ನು ನಮ್ಮ ಪತ್ರಿಕೆ ಹೊಗಳಿ ಬರೆದಿತ್ತು. ಅದು 1966ರ ಫೆಬ್ರವರಿ ತಿಂಗಳ ಸಂಚಿಕೆ. ಅದನ್ನು ಓದಿ ನಿಮಗೆ ಬೇಸರವಾಗಿದೆ. ಕಥೆಯಲ್ಲಿ ಏನೂ ಇಲ್ಲ, ಮುದುಕಿಗೆ ಕಾಯಿಲೆ, ಔಷಧ ತರಲು ಹೋದವನ ಮೇಲೆ ಯಂತ್ರ ಬೀಳುತ್ತದೆ, ಎತ್ತಿ ಎದ್ದು ಬರುತ್ತಾನೆ, ಅಷ್ಟೇ ಎಂದಿದ್ದೀರಿ. ಚಿತ್ರಗಳು ಒರಟು, ಈಗಿನ ಕಾಮಿಕ್ಸ್‌ನಲ್ಲಿ ಒಂದೊಂದು ಪುಟವೂ ಫೋಟೋ ತರ ಇರುತ್ತದೆ ಎಂದಿದ್ದೀರಿ. ಕೊನೆಗೆ ಒಂದು ಸಲಹೆ: ಇನ್ನು ಮುಂದೆ ಕಥೆಗೆ ಇಷ್ಟು, ಚಿತ್ರಕ್ಕೆ ಇಷ್ಟು ಅಂತ ಬೇರೆ ಬೇರೆ ಅಂಕ ಕೊಡಿ, ಕೊಳ್ಳುವವರಿಗೆ ಅನುಕೂಲ.

ಆ ಸಲಹೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಉಳಿದ ಎರಡಕ್ಕೂ ಉತ್ತರ ಅದರಲ್ಲೇ ಇದೆ.

ಈ ಸಂಚಿಕೆಯ ‘ಕಥೆ’ಯ ಅಂಕವನ್ನು ಯಾರಿಗೆ ಕೊಡೋಣ ಹೇಳಿ. ಮಾತುಗಳನ್ನು ಬರೆದವರು ಸ್ಟ್ಯಾನ್ ಲೀ. ಆದರೆ ಏನಾಗಬೇಕು, ಯಾವ ಪುಟದಲ್ಲಿ ಆಗಬೇಕು, ಎಷ್ಟು ಹೊತ್ತು ಆಗಬೇಕು ಎಂದು ತೀರ್ಮಾನಿಸಿದವರು ಚಿತ್ರ ಬರೆದ ಸ್ಟೀವ್ ಡಿಟ್ಕೊ. ಆಗ ಇದನ್ನು ಪ್ರಕಟಿಸುತ್ತಿದ್ದ ಮಾರ್ವೆಲ್ ಕಂಪನಿಯಲ್ಲಿ ಪೂರ್ತಿ ಸಂಭಾಷಣೆ ಬರೆದು ಕಲಾವಿದರ ಕೈಗೆ ಕೊಡುವ ಪದ್ಧತಿ ಇರಲಿಲ್ಲ. ಮೊದಲು ಕಥೆಯ ಎಳೆ, ಆಮೇಲೆ ಚಿತ್ರ, ಚಿತ್ರ ಆದ ಮೇಲೆ ಮಾತು. 1965ರ ಹೊತ್ತಿಗೆ ಸ್ಪೈಡರ್‌ಮ್ಯಾನ್‌ನಲ್ಲಿ ಆ ಎಳೆಯೂ ಡಿಟ್ಕೊ ಅವರದೇ ಆಗಿತ್ತು. ಕಥೆ ಹೆಣೆದವರು ಅವರೇ ಎಂದು ಸಂಚಿಕೆಗಳಲ್ಲೇ ಅಚ್ಚಾಗತೊಡಗಿತು. ಹಾಗಾಗಿ ಯಂತ್ರದಡಿ ಸಿಕ್ಕಿಬಿದ್ದವನನ್ನು ಒಂದೇ ಪುಟದಲ್ಲಿ ಎಬ್ಬಿಸದೆ ಮೊದಲ ಐದು ಪುಟ ಅಲ್ಲೇ ಇಟ್ಟಿದ್ದು ಬರವಣಿಗೆಯ ತೀರ್ಮಾನವೋ ಚಿತ್ರದ ತೀರ್ಮಾನವೋ? ನನ್ನ ಕೇಳಿದರೆ ಎರಡೂ. ಅದನ್ನು ಕತ್ತರಿಸಿ ಎರಡು ಕಡೆ ಅಂಕ ಹಾಕಿದರೆ ಇಬ್ಬರಿಗೂ ಅನ್ಯಾಯ.

ಆ ಐದು ಪುಟಗಳನ್ನು ಒಮ್ಮೆ ನಿಧಾನವಾಗಿ ನೋಡೋಣ. ಹಿನ್ನೆಲೆ ಇಷ್ಟು. ಪೀಟರ್ ಪಾರ್ಕರ್, ಅಂದರೆ ಮಾಸ್ಕ್ ಹಾಕದಾಗಿನ ಸ್ಪೈಡರ್‌ಮ್ಯಾನ್, ಹಿಂದೊಮ್ಮೆ ತನ್ನ ರಕ್ತವನ್ನು ತನ್ನನ್ನು ಸಾಕಿದ ಮೇ ಅತ್ತೆಗೆ ಕೊಟ್ಟಿದ್ದ. ಆ ರಕ್ತದಲ್ಲಿದ್ದ ವಿಕಿರಣವೇ ಈಗ ಅವರ ಜೀವ ತಿನ್ನುತ್ತಿದೆ. ಉಳಿಸಬಲ್ಲ ಔಷಧವನ್ನು ಖಳನಾಯಕ ಡಾಕ್ಟರ್ ಆಕ್ಟೋಪಸ್‌ನ ಗ್ಯಾಂಗು ಕದ್ದು ನೀರಿನಡಿಯ ಅಡ್ಡೆಗೆ ಒಯ್ದಿದೆ. ಹಿಂದಿನ ಸಂಚಿಕೆ ಮುಗಿಯುವಾಗ ಇವನ ಮೈಮೇಲೆ ಭಾರೀ ಯಂತ್ರ ಬಿದ್ದಿದೆ, ಮೇಲಿನಿಂದ ನೀರು ಸೋರುತ್ತಿದೆ, ಔಷಧದ ಡಬ್ಬಿ ಕಣ್ಣೆದುರೇ ಇದೆ, ಕೈಗೆ ಎಟುಕುವುದಿಲ್ಲ.

ಈಗ ಒಂದು ಕಷ್ಟ ಗಮನಿಸಿ. ಸ್ಪೈಡರ್‌ಮ್ಯಾನ್‌ನ ಮುಖ ಪೂರ್ತಿ ಮುಚ್ಚಿದೆ. ಬ್ಯಾಟ್‌ಮ್ಯಾನ್‌ಗೆ ಬಾಯಿ, ಗದ್ದವಾದರೂ ಕಾಣುತ್ತದೆ, ಹಲ್ಲು ಕಚ್ಚುವುದನ್ನು ತೋರಿಸಬಹುದು. ಇವನಿಗೆ ಕಣ್ಣಿಲ್ಲ, ತುಟಿಯಿಲ್ಲ, ಹುಬ್ಬು ಗಂಟಿಕ್ಕುವ ಹಾಗಿಲ್ಲ. ನೋವನ್ನು ತೋರಿಸಲು ಕಲಾವಿದನ ಹತ್ತಿರ ಉಳಿದಿರುವುದು ಬೆನ್ನು, ಭುಜ, ಕುತ್ತಿಗೆ, ಬೆರಳು ಮಾತ್ರ. ಡಿಟ್ಕೊ ಅಷ್ಟರಲ್ಲೇ ಎಲ್ಲ ಹೇಳುತ್ತಾರೆ. ಮೊದಲು ಮೈ ನೆಲಕ್ಕೆ ಒತ್ತಿಕೊಂಡಿದೆ, ತಲೆ ಬಾಗಿದೆ. ಒಂದು ಸಲ ಎತ್ತಲು ನೋಡುತ್ತಾನೆ, ಆಗುವುದಿಲ್ಲ, ಕುಸಿಯುತ್ತಾನೆ. ಮೇ ಅತ್ತೆ, ಸತ್ತುಹೋದ ಬೆನ್ ಅಂಕಲ್ ಇಬ್ಬರ ಮುಖಗಳು ಅವನ ಮನಸ್ಸಿನಲ್ಲಿ ಮೂಡುತ್ತವೆ. ಮತ್ತೆ ಶುರು. ಬೆನ್ನು ಸ್ವಲ್ಪ ಏಳುತ್ತದೆ, ಮಂಡಿ ಸ್ವಲ್ಪ ಏಳುತ್ತದೆ. ಮೊದಲು ಚಿಕ್ಕ ಚಿಕ್ಕ ಪ್ಯಾನೆಲ್‌ಗಳು (ಪುಟದಲ್ಲಿನ ಚಿತ್ರದ ಚೌಕಗಳು), ಉಸಿರು ಕಟ್ಟಿದ ಹಾಗೆ. ಯಂತ್ರ ಮೇಲೇಳುತ್ತಾ ಹೋದಂತೆ ಪ್ಯಾನೆಲ್‌ಗಳೂ ದೊಡ್ಡದಾಗುತ್ತಾ ಹೋಗುತ್ತವೆ. ಆಮೇಲೆ ಪುಟ ಪೂರ್ತಿ ಒಂದೇ ಚಿತ್ರ: ಯಂತ್ರ ತಲೆಯ ಮೇಲಿದೆ, ಇವನು ಎದ್ದಿದ್ದಾನೆ. ಅವನ ಜೊತೆ ಪುಟವೂ ಬಿಡುಗಡೆಯಾಗಿದೆ. ಈ ಅಳತೆಯ ಏರಿಕೆಯೇ ಇಲ್ಲಿನ ನಿರೂಪಣೆ. ಹೀಗಾಯಿತು, ಹೀಗಾಯಿತು ಎಂದು ಘಟನೆಗಳನ್ನು ಮಾತ್ರ ಎಣಿಸಿದರೆ ‘ಎತ್ತಿದ, ಎದ್ದ’ ಅಷ್ಟೇ ಸಿಗುತ್ತದೆ. ನಿಮ್ಮ ಪತ್ರದಲ್ಲಿ ಆಗಿರುವುದು ಅದೇ.

ಹಾಗಾದರೆ ಲೀ ಮಾಡಿದ್ದೇನು? ಇಲ್ಲಿ ನನ್ನ ಅಭಿಪ್ರಾಯವನ್ನು ಬಿಚ್ಚಿ ಹೇಳುತ್ತೇನೆ. ಆ ಪುಟಗಳಲ್ಲಿ ಮಾತು ಜಾಸ್ತಿ ಆಯಿತು. ಭಾರ ತಡೆಯಲಾರೆ, ಆದರೂ ಬಿಡಲಾರೆ ಎಂದು ಮಾತಿನ ಬಲೂನುಗಳು ಹೇಳುತ್ತಲೇ ಇರುತ್ತವೆ. ಆ ಭಾರ ಬೆನ್ನಿನಲ್ಲೇ ಕಾಣುತ್ತಿದೆ, ಅಲ್ವಾ? ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಹೇಳುವವರು ಚೆಂಡು ಎಲ್ಲಿಗೆ ಹೋಯಿತು ಎಂದು ಹೇಳಲೇಬೇಕು, ಟಿವಿಯಲ್ಲಿ ಅದನ್ನೇ ಹೇಳಿದರೆ ಕಿರಿಕಿರಿ. ಆದರೆ ಲೀ ಅವರ ಮಾತು ಇನ್ನೊಂದು ಕೆಲಸವನ್ನೂ ಮಾಡುತ್ತದೆ, ಅದು ಚಿತ್ರದಿಂದ ಆಗದ ಕೆಲಸ. ಬೆನ್ ಅಂಕಲ್ ಸತ್ತದ್ದು ತನ್ನಿಂದಲೇ ಎಂದು ಪೀಟರ್ ನಂಬಿದ್ದಾನೆ. ಒಬ್ಬರನ್ನು ಕಳೆದುಕೊಂಡಾಗಿದೆ, ಈಗ ಇನ್ನೊಬ್ಬರು ನನ್ನ ರಕ್ತದಿಂದಲೇ ಸಾಯುತ್ತಿದ್ದಾರೆ ಎಂಬ ಸಂಕಟವನ್ನು ಬೆನ್ನು ಬಗ್ಗಿಸಿ ತೋರಿಸಲಾಗದು. ಅದನ್ನು ಮಾತೇ ಹೇಳಬೇಕು, ಲೀ ಚೆನ್ನಾಗಿಯೇ ಹೇಳಿದ್ದಾರೆ. ಆ ಮಾತು ಇಲ್ಲದಿದ್ದರೆ ಇವನು ಸುಮ್ನೆ ಭಾರ ಎತ್ತುವ ಪೈಲ್ವಾನ್ ಆಗುತ್ತಿದ್ದ.

ಕಾಮಿಕ್ಸ್‌ನ ಬರವಣಿಗೆಯನ್ನು ಅಳೆಯಲು ನಾನು ನೋಡುವುದು ಇದನ್ನೇ. ಚಿತ್ರ ಆಗಲೇ ಹೇಳಿದ್ದನ್ನು ಮಾತು ಮತ್ತೆ ಹೇಳುತ್ತಿದೆಯೋ, ಚಿತ್ರಕ್ಕೆ ಹೇಳಲಾಗದ್ದನ್ನು ಹೇಳುತ್ತಿದೆಯೋ?

ಚಿತ್ರ ಮತ್ತು ಮಾತು ಒಂದನ್ನೊಂದು ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಅದೇ ಮಾಲಿಕೆಯ 121ನೇ ಸಂಚಿಕೆ ನೋಡಿ. 1973ರ ಜೂನ್ ಸಂಚಿಕೆ, ಬರೆದವರು ಗೆರ್ರಿ ಕಾನ್ವೇ, ಪೆನ್ಸಿಲ್‌ನಲ್ಲಿ ಚಿತ್ರ ಬರೆದವರು ಗಿಲ್ ಕೇನ್. ಪೀಟರ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಖಳನಾಯಕ ಗ್ರೀನ್ ಗಾಬ್ಲಿನ್ ಸೇತುವೆಯಿಂದ ಬೀಳಿಸುತ್ತಾನೆ. ಮಾತಿನಲ್ಲಿ ಅದು ಜಾರ್ಜ್ ವಾಷಿಂಗ್ಟನ್ ಸೇತುವೆ. ಆ ಸೇತುವೆಯ ಗೋಪುರಗಳು ಉಕ್ಕಿನ ಜಾಲರಿ. ಚಿತ್ರದಲ್ಲಿರುವುದು ಕಲ್ಲಿನ ಗೋಪುರ, ಚೂಪು ಕಮಾನು, ಅಂದರೆ ಬ್ರೂಕ್ಲಿನ್ ಸೇತುವೆ. ನ್ಯೂಯಾರ್ಕ್‌ನವರು ಒಂದೇ ನೋಟದಲ್ಲಿ ಹಿಡಿಯುವ ತಪ್ಪು.

ಆದರೂ ಆ ಸಂಚಿಕೆ ಇವತ್ತಿಗೂ ಉಳಿದಿದೆ. ಕಾರಣ ಒಂದು ಸಣ್ಣ ಶಬ್ದ. ಸ್ಪೈಡರ್‌ಮ್ಯಾನ್ ಎಸೆದ ಬಲೆ ಬೀಳುತ್ತಿದ್ದ ಗ್ವೆನ್‌ಳ ಕಾಲನ್ನು ಹಿಡಿಯುತ್ತದೆ. ಅವಳ ಕುತ್ತಿಗೆಯ ಪಕ್ಕ ಪುಟ್ಟ ಅಕ್ಷರಗಳಲ್ಲಿ ‘ಸ್ನ್ಯಾಪ್’ ಎಂದಿದೆ. ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಶಬ್ದಗಳು ಸಾಮಾನ್ಯವಾಗಿ ಪ್ಯಾನೆಲ್ ತುಂಬಾ ಅರಚುತ್ತವೆ, ಇದು ಕಣ್ಣು ತಪ್ಪಿಸಿಕೊಳ್ಳುವಷ್ಟು ಚಿಕ್ಕದು. ಅಷ್ಟು ಎತ್ತರದಿಂದ ಬಿದ್ದರೆ ನೆಲ ಮುಟ್ಟುವ ಮೊದಲೇ ಜೀವ ಹೋಗುತ್ತದೆ ಎಂದು ಗಾಬ್ಲಿನ್ ಹೇಳುತ್ತಾನೆ. ಆ ಚಿಕ್ಕ ಶಬ್ದ ಬೇರೆಯದನ್ನೇ ಹೇಳುತ್ತದೆ: ಕಾಪಾಡಲು ಹೋದವನ ಬಲೆಯೇ ಕೊಂದಿತು. ಓದುಗರು ಇದನ್ನು ಹಿಡಿದು ಪತ್ರ ಬರೆದರು. 125ನೇ ಸಂಚಿಕೆಯ ಓದುಗರ ಪುಟದಲ್ಲಿ ಉತ್ತರ ಬಂತು: ಬಲೆ ಒಮ್ಮೆಲೇ ತಡೆದಾಗ ಕುತ್ತಿಗೆಗೆ ಬಿದ್ದ ಎಳೆತವೇ ಸಾವಿಗೆ ಕಾರಣ. ಈಗ ಆ ‘ಸ್ನ್ಯಾಪ್’ ಬರವಣಿಗೆಯೇ, ಚಿತ್ರವೇ? ಅಂಕಪಟ್ಟಿಯಲ್ಲಿ ಎಲ್ಲಿ ಬರೆಯೋಣ? ಇಡೀ ಸಂಚಿಕೆಯ ಅರ್ಥ ಆ ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ, ಅವು ಕೂತ ಜಾಗದಲ್ಲಿ, ಅವುಗಳ ಸಣ್ಣ ಗಾತ್ರದಲ್ಲಿದೆ.

ಇನ್ನು ‘ಫೋಟೋ ತರ’ದ ಚಿತ್ರದ ವಿಷಯ. ಈಗಿನ ಕಲಾವಿದರ ಕೈಚಳಕದ ಮೇಲೆ ನನಗೂ ಗೌರವವಿದೆ. ಆದರೆ ಸಂಚಿಕೆಯ ಚಿತ್ರವನ್ನು ಒಂದೊಂದಾಗಿ ಗೋಡೆಗೆ ನೇತುಹಾಕಿ ನೋಡುವ ಹಾಗಿಲ್ಲ. ಒಂದು ಪ್ಯಾನೆಲ್‌ನಿಂದ ಮುಂದಿನದಕ್ಕೆ ಕಣ್ಣು ತಡವರಿಸದೆ ಹೋಗುತ್ತದೆಯೇ? ಹೊಡೆದಾಟದಲ್ಲಿ ಯಾರು ಎಲ್ಲಿ ನಿಂತಿದ್ದಾರೆ, ಹೊಡೆತ ಯಾವ ಕಡೆಯಿಂದ ಬಂತು ಎಂದು ತಿಳಿಯುತ್ತದೆಯೇ? ಮಾಸ್ಕ್ ತೆಗೆದಾಗಲೂ, ಕೂದಲು ಒದ್ದೆಯಾದಾಗಲೂ ಅವನೇ ಎಂದು ಗುರುತು ಸಿಗುತ್ತದೆಯೇ? ಫೋಟೋ ನೋಡಿ ಬರೆದ ಎಷ್ಟೋ ಪುಟಗಳಲ್ಲಿ ಮೈ ಮರಗಟ್ಟಿರುತ್ತದೆ. ಓಡುವವನು ಓಡುವ ಪೋಸು ಕೊಟ್ಟು ನಿಂತಂತೆ ಕಾಣುತ್ತಾನೆ. ಡಿಟ್ಕೊ ಅವರ ಮುಖಗಳು ಚೆಂದವಿಲ್ಲ ಎಂದಿರಿ, ಒಪ್ಪುತ್ತೇನೆ. ಅವರ ಪೀಟರ್ ಸಣಕಲು, ಕನ್ನಡಕ ಬಿಟ್ಟ ಮೇಲೂ ಸಿನಿಮಾ ಹೀರೋ ಅಲ್ಲ. ಆದರೆ ಅಂಥವನು ಎತ್ತಿದ್ದಕ್ಕೇ ಆ ಯಂತ್ರಕ್ಕೆ ತೂಕ ಬಂದಿದ್ದು. ಮೊದಲೇ ಗುಡ್ಡದಂಥ ಮೈಕಟ್ಟು ಇದ್ದಿದ್ದರೆ ನಾವು ಯಾಕೆ ಉಸಿರು ಹಿಡಿದು ನೋಡಬೇಕು?

ಇನ್ನೂ ಒಂದು ಮಾತು. ಅಂದಿನ ಕಾಮಿಕ್ಸ್ ಅಚ್ಚಾಗುತ್ತಿದ್ದದ್ದು ಅಗ್ಗದ ನ್ಯೂಸ್‌ಪ್ರಿಂಟ್‌ನಲ್ಲಿ, ಚುಕ್ಕೆ ಚುಕ್ಕೆ ಬಣ್ಣದಲ್ಲಿ. ಆ ಸಂಚಿಕೆಯ ಬೆಲೆ 12 ಸೆಂಟ್. ಆ ಕಾಗದದಲ್ಲಿ ನಾಜೂಕು ಗೆರೆ ಹರಡಿಹೋಗುತ್ತದೆ, ಬಣ್ಣ ಗೆರೆಯಿಂದ ಆಚೆ ಜಾರುತ್ತದೆ. ದಪ್ಪ ಕಪ್ಪು ಗೆರೆಯೇ ಓದುಗರ ಕೈವರೆಗೂ ಗಟ್ಟಿಯಾಗಿ ಉಳಿಯುವುದು. ಡಿಟ್ಕೊ ಸ್ಪೈಡರ್‌ಮ್ಯಾನ್‌ಗೆ ಪೆನ್ಸಿಲ್ ಜೊತೆ ಇಂಕನ್ನೂ (ಪೆನ್ಸಿಲ್ ಗೆರೆಯ ಮೇಲೆ ಶಾಯಿ ಹಾಕುವ ಕೆಲಸ) ತಾವೇ ಮಾಡುತ್ತಿದ್ದರು, ಹಾಗಾಗಿ ಎಲ್ಲಿ ಕಪ್ಪು ಸುರಿಯಬೇಕು ಎನ್ನುವ ತೀರ್ಮಾನ ಅವರದೇ. ನೀವು ಒರಟು ಎಂದ ಎಷ್ಟೋ ಗೆರೆಗಳು ಆ ಕಾಗದವನ್ನು ಬಲ್ಲವರ ಗೆರೆಗಳು. ಇಂದು ನುಣುಪು ಕಾಗದದಲ್ಲಿ ಹೊಸ ಬಣ್ಣ ತುಂಬಿ ಮರುಮುದ್ರಿಸಿದಾಗ ಅವು ಬೇರೆಯೇ ಕಾಣುತ್ತವೆ. ನೀವು ಓದಿದ್ದು ಅಂಥ ಪ್ರತಿಯಾಗಿದ್ದರೆ ಹಳೆಯ ಬಣ್ಣದ ಪುಟಗಳನ್ನೂ ಒಮ್ಮೆ ಹುಡುಕಿ ನೋಡಿ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಆ ಸಂಚಿಕೆ ಎಲ್ಲೂ ಸೋತಿಲ್ಲ ಎಂದಲ್ಲ. ಯಂತ್ರ ಎತ್ತಿದ ಮೇಲಿನ ಹೊಡೆದಾಟ ನನಗೆ ಉದ್ದವೆನಿಸಿತು. ಅಷ್ಟು ಎತ್ತರ ಏರಿದ ಮೇಲೆ ಬಾಡಿಗೆ ರೌಡಿಗಳ ಜೊತೆ ಗುದ್ದಾಟ ಸಪ್ಪೆ. ಆದರೆ ಕೊನೆಯ ಭಾಗದಲ್ಲಿ ಮತ್ತೆ ಹಿಡಿತ ಬರುತ್ತದೆ. ಮೈಯೆಲ್ಲ ಗಾಯವಾದವನು ಪತ್ರಿಕೆ ಕಚೇರಿಗೆ ಫೋಟೋ ಮಾರಲು ಹೋಗುತ್ತಾನೆ, ಅಲ್ಲಿ ಕೆಲಸ ಮಾಡುವ ಅವನ ಗೆಳತಿ ಬೆಟ್ಟಿ ಬ್ರ್ಯಾಂಟ್ ಅವನ ಮುಖ ನೋಡಿ ಬೆಚ್ಚುತ್ತಾಳೆ. ಅತ್ತೆ ಬದುಕುತ್ತಾರೆ, ಆದರೆ ಬೆಟ್ಟಿ ದೂರವಾಗುತ್ತಾಳೆ. ಇಷ್ಟು ಸಣ್ಣ ಜಾಗದಲ್ಲಿ ಗೆಲುವು, ನಷ್ಟ ಎರಡನ್ನೂ ಇಟ್ಟಿದ್ದಾರೆ. ಇದಕ್ಕೆ ‘ಕಥೆಯಲ್ಲಿ ಏನೂ ಇಲ್ಲ’ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ದಯವಿಟ್ಟು ಒಂದು ಕೆಲಸ ಮಾಡಿ. ಆ ಐದು ಪುಟಗಳನ್ನು ಮಾತು ಓದದೆ, ಚಿತ್ರ ಮಾತ್ರ ನೋಡುತ್ತಾ ಒಮ್ಮೆ ದಾಟಿ. ಆಮೇಲೆ ಮಾತನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದುಕೊಂಡು ಓದಿ. ಯಾವುದರಲ್ಲಿ ಏನು ಕಳೆದುಹೋಯಿತು ಅಂತ ನಮಗೆ ಬರೆಯಿರಿ. ನನ್ನ ಮಾತು ತಪ್ಪು ಅನ್ನಿಸಿದರೂ ಬರೆಯಿರಿ, ಅಚ್ಚು ಹಾಕುತ್ತೇವೆ.

ಅಂಕ ಮಾತ್ರ ಕೊಡುವುದಿಲ್ಲ. ಬದಲಿಗೆ ನಿಮ್ಮ ಪತ್ರದಿಂದ ಹೊಳೆದ ಒಂದು ಕೆಲಸ ಮುಂದಿನ ಸಂಚಿಕೆಯಿಂದ ಶುರುವಾಗುತ್ತದೆ. ಪ್ರತಿ ವಿಮರ್ಶೆಯ ತಲೆಯಲ್ಲೂ ಕಥೆ, ಪೆನ್ಸಿಲ್, ಇಂಕ್, ಬಣ್ಣ, ಲೆಟರಿಂಗ್ (ಮಾತಿನ ಅಕ್ಷರ ಬರೆಯುವ ಕೆಲಸ) ಯಾರದು ಎಂದು ಎಲ್ಲರ ಹೆಸರೂ ಇರುತ್ತದೆ. ಹಳೆಯ ಸಂಚಿಕೆಗಳಲ್ಲಿ ಬಣ್ಣ ಹಾಕಿದವರ ಹೆಸರು ಅಚ್ಚಾಗುತ್ತಲೇ ಇರಲಿಲ್ಲ. ಅಂಥ ಕಡೆ ‘ಹೆಸರು ಅಚ್ಚಾಗಿಲ್ಲ’ ಎಂದೇ ಹಾಕುತ್ತೇವೆ.

ವಿಶ್ವಾಸದಿಂದ,
ಸಂಪಾದಕ