ಟೆರಿಯರ್ ಮರಿ ಕೊಳ್ಳುವ ಮುನ್ನ: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ. ತಾಯಿ ತೀರಿಕೊಂಡ ಮೇಲೆ ಹಾಸನದ ಹೊರವಲಯದ ಮನೆಯಲ್ಲಿ ಒಬ್ಬರೇ ಇದ್ದಾರೆ. ಹಿಂದೆ ತೆಂಗಿನ ಮರಗಳಿರುವ ಹಿತ್ತಲಿದೆ. ನಾನು ಬೆಂಗಳೂರಿನಿಂದ ತಿಂಗಳಿಗೆರಡು ಬಾರಿ ಹೋಗಿ ಬರುತ್ತೇನೆ. ಅವರಿಗೆ ಜೊತೆಯಾಗಲೆಂದು ಜ್ಯಾಕ್ ರಸೆಲ್ ಟೆರಿಯರ್ ಮರಿಯೊಂದನ್ನು ಕೊಳ್ಳಬೇಕೆಂದಿದ್ದೇನೆ. ಮಾರುವವರು ಫೋನಿಗೆ ಮರಿಯ ಚಿತ್ರ ಕಳಿಸಿ, ಅದಕ್ಕೆ 35 ದಿನವಾಗಿದೆ, ಐದು ಸಾವಿರ ರೂಪಾಯಿ ಮುಂಗಡ ಹಾಕಿದರೆ ಬಸ್ಸಿನಲ್ಲಿ ಕಳಿಸುತ್ತೇವೆ ಎನ್ನುತ್ತಾರೆ. ಚಿಕ್ಕ ನಾಯಿಯಾದ್ದರಿಂದ ಸಾಕುವುದು ಸುಲಭವಲ್ಲವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮುಂಗಡವನ್ನು ದಯವಿಟ್ಟು ಹಾಕಬೇಡಿ. ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿ ಮಾಡಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. 35 ದಿನವೆಂದರೆ ಬರೀ ಐದು ವಾರ. ಐದರಿಂದ ಎಂಟನೆಯ ವಾರದ ನಡುವೆಯೇ ಮರಿ ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಆಡುತ್ತಾ, ಜೋರಾಗಿ ಕಚ್ಚಿದರೆ ಆಟ ನಿಲ್ಲುತ್ತದೆ ಎಂಬುದನ್ನು ಕಲಿಯುತ್ತದೆ. ಈ ಕಲಿಕೆ ತಪ್ಪಿದ ಟೆರಿಯರ್ ಮರಿಗಳನ್ನು ಆರೇಳು ತಿಂಗಳಾದ ಮೇಲೆ, ಮನೆಯವರ ಕೈಮೇಲೆಲ್ಲ ಹಲ್ಲಿನ ಗುರುತಾದ ನಂತರ, ನನ್ನ ಬಳಿ ಕರೆತರುತ್ತಾರೆ. ಮರಿಗಳಲ್ಲಿ ಅಪರಾಧವೇನೂ ಇರುವುದಿಲ್ಲ.

ಇನ್ನು ನಿಮ್ಮ ಕೊನೆಯ ಮಾತಿಗೆ ಬರುತ್ತೇನೆ, ಏಕೆಂದರೆ ನಿಮ್ಮ ನಿರ್ಧಾರವೆಲ್ಲ ಅದರ ಮೇಲೆಯೇ ನಿಂತಿದೆ. ಟೆರಿಯರ್ ಎಂಬ ಹೆಸರು ಭೂಮಿ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಬಿಲಕ್ಕೆ ನುಗ್ಗಿ ನರಿ, ಇಲಿಗಳನ್ನು ಎದುರಿಸಲೆಂದೇ ಬೆಳೆಸಿದ ನಾಯಿಗಳು ಇವು. ಜ್ಯಾಕ್ ರಸೆಲ್ ತಳಿಗೆ ಹೆಸರು ಕೊಟ್ಟ ಜಾನ್ ರಸೆಲ್ (1795–1883) ಇಂಗ್ಲೆಂಡಿನ ಡೆವನ್ ಪ್ರದೇಶದ ಪಾದ್ರಿ, ನರಿಬೇಟೆಯಲ್ಲಿ ಅತ್ಯಾಸಕ್ತಿಯಿದ್ದವರು. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ, 1819ರಲ್ಲಿ, ಹಾಲು ಮಾರುವವನೊಬ್ಬನಿಂದ ಅವರು ಕೊಂಡ ಟ್ರಂಪ್ ಎಂಬ ಹೆಣ್ಣುನಾಯಿಯಿಂದ ಈ ವಂಶ ಬೆಳೆಯಿತೆಂದು ಹೇಳುತ್ತಾರೆ. ಐದಾರು ಕಿಲೋ ತೂಗುವ, ಒಂದಡಿಯೂ ಎತ್ತರವಿಲ್ಲದ ಈ ನಾಯಿಗೆ ದಿನಕ್ಕೆ ಒಂದು ಗಂಟೆಗೆ ಕಡಿಮೆಯಿಲ್ಲದ ಓಡಾಟ ಬೇಕು. ಅದು ಸಿಗದಿದ್ದರೆ ತೆಂಗಿನ ಬುಡವನ್ನೂ ಸೋಫಾವನ್ನೂ ಒಂದೇ ಶ್ರದ್ಧೆಯಿಂದ ಅಗೆಯುತ್ತದೆ. ಮೈ ಚಿಕ್ಕದಾದ ಮಾತ್ರಕ್ಕೆ ಅದರ ಅಗತ್ಯಗಳು ಚಿಕ್ಕವಲ್ಲ.

ನಿಮ್ಮ ಹಿತ್ತಲಿನ ವಿಷಯ ಓದಿದಾಗ ನನಗೆ ಮೊದಲು ಹೊಳೆದದ್ದು ಹಾವು. ಇಲಿಯ ಬಿಲವಿದ್ದಲ್ಲಿ ನಾಗರಹಾವೋ ಕೊಳಕುಮಂಡಲವೋ ಬರುವುದು ಸಹಜ. ಊರನಾಯಿಗಳಲ್ಲಿ ಅನೇಕವು ಹಾವು ಕಂಡರೆ ದೂರ ನಿಂತು ಬೊಗಳುತ್ತವೆ, ಟೆರಿಯರ್ ಮಾತ್ರ ಮೂತಿಯನ್ನೇ ಮುಂದೆ ಹಾಕುತ್ತದೆ. ಮುಖಕ್ಕೆ ಕಡಿತವಾದಾಗ ಪ್ರತಿವಿಷ ಕೊಡಿಸಲು ಸಿಗುವ ಸಮಯ ಬಹಳ ಕಡಿಮೆ. ಮುಸ್ಸಂಜೆಯ ನಂತರ ನಾಯಿಯನ್ನು ಹಗ್ಗವಿಲ್ಲದೆ ಹಿತ್ತಲಿಗೆ ಬಿಡಬಾರದು, ತೆಂಗಿನ ಗರಿಯ ರಾಶಿಯನ್ನು ಮನೆಯ ಹತ್ತಿರ ಇಡಬಾರದು. ಇಲಿಪಾಷಾಣವನ್ನು ನಿಮ್ಮ ಮನೆಯಲ್ಲಷ್ಟೇ ಅಲ್ಲ, ಅಕ್ಕಪಕ್ಕದ ಮನೆಗಳಲ್ಲೂ ಇಡದಂತೆ ಕೇಳಿಕೊಳ್ಳಬೇಕು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣವನ್ನು ನಾಯಿ ತಿಂದರೆ ಮೂರ್ನಾಲ್ಕು ದಿನ ಏನೂ ತಿಳಿಯುವುದಿಲ್ಲ. ಆಮೇಲೆ ಒಸಡು ಬಿಳಿಚಿಕೊಂಡು ಒಳಗೇ ರಕ್ತ ಸೋರಲಾರಂಭಿಸುತ್ತದೆ. ತಿಂದ ದಿನವೇ ಕರೆತಂದರೆ ವಾಂತಿ ಮಾಡಿಸಿ, ವಿಟಮಿನ್ ಕೆ ಕೊಟ್ಟು ಉಳಿಸಬಹುದು. ಇಲಿಜ್ವರ ನಾಯಿಯ ಮೂತ್ರದಿಂದ ಮನುಷ್ಯರಿಗೂ ಹರಡುವುದರಿಂದ ಅದರ ಲಸಿಕೆಯನ್ನು ವರ್ಷ ವರ್ಷವೂ ಹಾಕಿಸಲೇಬೇಕು.

ತಂದೆಯವರ ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಈ ತಳಿ ಹದಿಮೂರರಿಂದ ಹದಿನಾರು ವರ್ಷ ಬದುಕಬಲ್ಲದು. ಅಂದರೆ ಇಂದಿನ ಮರಿ ಮುದಿಯಾಗುವಾಗ ಅವರು ಎಂಬತ್ತು ದಾಟಿರುತ್ತಾರೆ. ಅವರು ಆಸ್ಪತ್ರೆ ಸೇರಿದರೆ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದಕ್ಕೆ ನಿಮ್ಮಲ್ಲಿ ಇಂದೇ ಉತ್ತರವಿರಬೇಕು. ಮಗಳು ತಂದೆಗೆ ಜೊತೆ ಹುಡುಕುತ್ತಿರುವ ಪತ್ರಕ್ಕೆ ಹೀಗೆ ಬರೆಯಲು ಮನಸ್ಸು ನೋಯುತ್ತದೆ, ಆದರೂ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಒಬ್ಬರೇ ಇರುವ ನಿಮ್ಮ ತಂದೆಗೆ ಜ್ಯಾಕ್ ರಸೆಲ್ ಮರಿ ಬೇಡ. ಐದಾರು ವರ್ಷದ, ಸ್ವಭಾವ ತಿಳಿದ, ಯಾರೋ ಸಾಕಲಾಗದೆ ಬಿಟ್ಟುಕೊಡುತ್ತಿರುವ ನಾಯಿ, ಅಥವಾ ಊರಿನದೇ ಸಾಧು ನಾಯಿಯೊಂದು ಅವರಿಗೆ ನಿಜವಾದ ಜೊತೆಯಾದೀತು. ಅದಕ್ಕೂ ಮೊದಲು ತಂದೆಯವರನ್ನೇ ಕೇಳಿ. ನಿಮ್ಮ ಪತ್ರದಲ್ಲಿ ಅವರ ಇಷ್ಟದ ಮಾತೇ ಇಲ್ಲ.

ಮರಿಯೇ ಬೇಕೆಂದು ಅವರೂ ಬಯಸಿದರೆ, ನೀವಿಬ್ಬರೂ ಹೋಗಿ ತಾಯಿನಾಯಿಯ ಜೊತೆಯಲ್ಲೇ ಮರಿಯನ್ನು ನೋಡಿ. ತಾಯಿಯನ್ನು ತೋರಿಸಲು ನೆಪ ಹೇಳುವವರಿಂದ ಕೊಳ್ಳಬೇಡಿ. ಮರಿಯ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿ, ಏಕೆಂದರೆ ಬಿಳಿ ಬಣ್ಣ ಹೆಚ್ಚಿರುವ ಈ ತಳಿಯಲ್ಲಿ ಹುಟ್ಟುಕಿವುಡು ಕಂಡುಬರುತ್ತದೆ. ನಡೆಯುವಾಗ ಹಿಂಗಾಲನ್ನು ಆಗಾಗ ಎತ್ತಿ ಕುಪ್ಪಳಿಸಿದರೆ ಮಂಡಿಚಿಪ್ಪು ಜಾರುತ್ತಿರಬಹುದು. ಪಾರ್ವೊ, ಡಿಸ್ಟೆಂಪರ್ ಎಂಬ ಮಾರಕ ವೈರಸ್ ರೋಗಗಳ ಲಸಿಕೆಗಳು ಆರರಿಂದ ಎಂಟನೆಯ ವಾರದಲ್ಲಿ ಶುರುವಾಗಿ, ಮೂರ್ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರನೆಯ ವಾರದವರೆಗೆ ನಡೆಯುತ್ತವೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಹಾಲು-ಬಿಸ್ಕತ್ತಿನ ಮೇಲೆ ಮರಿ ಬೆಳೆಸುವ ರೂಢಿ ನಮ್ಮಲ್ಲಿ ಬಲವಾಗಿದೆ, ಅದು ಭೇದಿಗೆ ದಾರಿ. ಈರುಳ್ಳಿ ಹಾಕಿದ ಸಾರು, ದ್ರಾಕ್ಷಿ ಹಾಕಿದ ಪಾಯಸ, ಚಾಕೊಲೇಟ್ ಇವು ನಾಯಿಗೆ ವಿಷ.

ಪ್ರಶ್ನೆ: ಫ್ಲ್ಯಾಟಿನಲ್ಲಿರುವ ನಮಗೆ ‘ಟೀಕಪ್’ ಯಾರ್ಕ್‌ಶೈರ್ ಟೆರಿಯರ್ ಕೊಳ್ಳಿರೆಂದು ಸಲಹೆ ಬಂದಿದೆ. ಮನೆಯಲ್ಲಿ ನಾಲ್ಕು ವರ್ಷದ ಮಗನಿದ್ದಾನೆ.
– ಓದುಗರೊಬ್ಬರು, ಮೈಸೂರು

ಉತ್ತರ: ಟೀಕಪ್ ಎಂಬ ತಳಿಯೇ ಇಲ್ಲ, ಅದು ಮಾರಾಟಗಾರರ ಮಾತು. ಪೂರ್ಣವಾಗಿ ಬೆಳೆದ ಯಾರ್ಕ್‌ಶೈರ್ ಟೆರಿಯರ್ ಸುಮಾರು ಮೂರು ಕಿಲೋ ತೂಗುತ್ತದೆ. ಅದಕ್ಕಿಂತ ಚಿಕ್ಕದಾಗಿಸಲು ಹೋದ ಮರಿಗಳಲ್ಲಿ ಮೂಳೆ ದುರ್ಬಲ, ಒಂದು ಹೊತ್ತಿನ ಊಟ ತಪ್ಪಿದರೂ ರಕ್ತದ ಸಕ್ಕರೆ ಕುಸಿದು ನಡುಕ, ಮೂರ್ಛೆ ಬರುತ್ತದೆ. ನಾಲ್ಕು ವರ್ಷದ ಮಗು ಪ್ರೀತಿಯಿಂದಲೇ ಎತ್ತಿಕೊಂಡು ಕೈಜಾರಿಸಿದರೆ ಇಂಥ ಮರಿಯ ಕಾಲು ಮುರಿಯುತ್ತದೆ. ಮಗನಿಗೆ ಏಳೆಂಟು ವರ್ಷವಾಗುವವರೆಗೆ ಕಾಯಿರಿ. ಆಗಲೂ ಮಾಮೂಲಿ ಗಾತ್ರದ ಮರಿಯನ್ನೇ ಆರಿಸಿಕೊಂಡು, ಕತ್ತಿನ ಪಟ್ಟಿಯ ಬದಲು ಎದೆಗೆ ಹಾಕುವ ಹಾರ್ನೆಸ್ ಬಳಸಿ, ದಿನವೂ ಕೂದಲು ಬಾಚಲು ಹದಿನೈದು ನಿಮಿಷ ಎತ್ತಿಡಿ.