ರಜೆಯಲ್ಲಿ ಲ್ಯಾಬ್ ಬಿಟ್ಟು ರೋಗಿಗಳ ಜೊತೆ ಸೇರಿ ಮಾಡುವ ರಿಸರ್ಚ್‌ಗೆ ಹೋದರೆ ಕಲಿಯೋಕೆ ಏನಿರುತ್ತದೆ?

ಮೂರು ತಿಂಗಳ ಅವಕಾಶ ಸಿಕ್ಕಿದೆ, ಆದರೆ ಬರೀ ರೋಗಿಗಳ ಜೊತೆ ಮಾತುಕತೆ, ಹೋಗೋದೋ ಬೇಡವೋ ಅಂತ ಕೇಳಿದ್ದೀರಿ. ಕಳೆದ ಬೇಸಿಗೆಯಲ್ಲಿ ನಾನು ಇಂಥದ್ದೇ ಕೆಲಸ ಮಾಡಿದೆ. ಖಂಡಿತ ಹೋಗಿ.

ರೋಗಿಗಳ ಮೇಲೆ ಮಾಡುವ ರಿಸರ್ಚ್ ಬೇರೆ, ರೋಗಿಗಳ ಜೊತೆ ಕೂತು ಮಾಡುವ ರಿಸರ್ಚ್ ಬೇರೆ. ಮೊದಲನೆಯದರಲ್ಲಿ ಅವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಮಾಹಿತಿ ಕೊಡುತ್ತಾರೆ, ಅಲ್ಲಿಗೆ ಮುಗಿಯಿತು. ಎರಡನೆಯದರಲ್ಲಿ ಏನು ಕೇಳಬೇಕು, ಯಾವುದನ್ನು ಅಳೆಯಬೇಕು ಅಂತ ತೀರ್ಮಾನ ಮಾಡುವಾಗಲೇ ಅವರು ಇರುತ್ತಾರೆ. ಈ ವ್ಯತ್ಯಾಸ ನನ್ನ ತಲೆಗೆ ಹೋಗಲು ಎರಡು ವಾರ ಬೇಕಾಯಿತು.

ನಮ್ಮದು ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಕೀಲುಗಳು ಊದಿಕೊಂಡು ನೋಯುವ ಕಾಯಿಲೆಯ ಬಗ್ಗೆ. ಉದ್ದನೆಯ ಪ್ರಶ್ನಾವಳಿಯನ್ನು ಚಿಕ್ಕದು ಮಾಡುವುದು ನನ್ನ ಕೆಲಸ. ನೋವಿನ ಪ್ರಶ್ನೆಗಳನ್ನು ಉಳಿಸಿಕೊಂಡು ಸುಸ್ತಿನ ಪ್ರಶ್ನೆಗಳನ್ನು ತೆಗೆದುಬಿಟ್ಟೆ. ನಮ್ಮ ತಂಡದಲ್ಲಿ ಆ ಕಾಯಿಲೆಯ ಜೊತೆ ವರ್ಷಗಟ್ಟಲೆ ಬದುಕಿದ ಹಿರಿಯರೊಬ್ಬರು ಇದ್ದರು. ಅವರ ಮುಂದೆ ಹಾಳೆ ಇಟ್ಟೆ. ಬೆರಳು ಮಡಚಲು ಆಗದೆ ಅಂಗೈಯಿಂದ ತಳ್ಳಿ ಪುಟ ತಿರುವಿದರು. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಟಿಕ್ ಹಾಕಿದರು. ಗೆರೆ ಪಕ್ಕದ ಚೌಕಕ್ಕೆ ಹೋಯಿತು. ಅಂದರೆ, ಅವರು ಹೇಳಬೇಕೆಂದಿದ್ದು ಒಂದು, ನಮ್ಮ ಲೆಕ್ಕದಲ್ಲಿ ಸೇರುವುದು ಇನ್ನೊಂದು! ಆಮೇಲೆ ತಲೆ ಎತ್ತಿ ಕೇಳಿದರು: "ನೋವಿಗೆ ಮಾತ್ರೆ ಇದೆ ಕಣಮ್ಮ. ಹಲ್ಲುಜ್ಜಿ ಮುಖ ತೊಳೆಯೋ ಹೊತ್ತಿಗೇ ಇಡೀ ದಿನದ ಶಕ್ತಿ ಮುಗಿದಿರುತ್ತೆ. ಅದನ್ನ ಯಾಕೆ ಕೇಳಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇದು ಹೊಸ ಮಾತೂ ಅಲ್ಲ ಅಂತ ಗೈಡ್ ಆಮೇಲೆ ಹೇಳಿದರು. ಕೀಲಿನ ಕಾಯಿಲೆಗಳಲ್ಲಿ ಯಾವುದನ್ನು ಅಳೆಯಬೇಕು ಅಂತ ಚರ್ಚಿಸುವ ಓಮೆರಾಕ್ಟ್ ಅನ್ನುವ ಅಂತರರಾಷ್ಟ್ರೀಯ ಸಭೆ ಇದೆ. 2002ರಲ್ಲಿ ಅಲ್ಲಿ ರೋಗಿಗಳೂ ಕೂತಾಗ ಅವರು ಒತ್ತಿ ಹೇಳಿದ್ದು ಸುಸ್ತಿನ ಬಗ್ಗೆಯೇ. ಚಿಕಿತ್ಸೆಯ ಪ್ರಯೋಗಗಳಲ್ಲಿ ಅದನ್ನೂ ಅಳೆಯಬೇಕು ಅಂತ ತಜ್ಞರು ಒಪ್ಪಿದ್ದು ಅದಾದ ಮೇಲೆ. ನಾವು ಸುಸ್ತಿನ ಪ್ರಶ್ನೆಗಳನ್ನು ವಾಪಸ್ ಹಾಕಿದೆವು, ಚೌಕಗಳನ್ನು ದೊಡ್ಡದು ಮಾಡಿದೆವು. ಬದಲಿಗೆ ಯಾವುದನ್ನು ಬಿಡಬಹುದು ಅಂತ ಆ ಹಿರಿಯರೇ ಗುರುತು ಮಾಡಿ ಕೊಟ್ಟರು.

ಮಂಡಿ ಸವೆತದ ವಿಷಯದಲ್ಲೂ ಹೀಗೇ ಆಗಿದೆ. 2000ನೇ ಇಸವಿಯಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಲೇಖನ ನನಗೆ ಓದಲು ಕೊಟ್ಟಿದ್ದರು. ಅದರ ಪ್ರಕಾರ, ರಿಸರ್ಚ್‌ಗಳಲ್ಲಿ ಔಷಧಿಯ ಮೇಲಿನವೇ ಜಾಸ್ತಿ, ರೋಗಿಗಳಿಗೆ ಬೇಕಿದ್ದದ್ದು ಬೇರೆ. ಈ ಅಂತರ ಕಡಿಮೆ ಮಾಡಲೆಂದೇ ಬ್ರಿಟನ್ನಿನಲ್ಲಿ 2004ರಲ್ಲಿ ಜೇಮ್ಸ್ ಲಿಂಡ್ ಅಲಯನ್ಸ್ ಶುರುವಾಯಿತು. ಅಲ್ಲಿ ರೋಗಿಗಳು, ಅವರನ್ನು ನೋಡಿಕೊಳ್ಳುವವರು, ವೈದ್ಯರು ಒಟ್ಟಿಗೆ ಕೂತು ಒಂದೊಂದು ಕಾಯಿಲೆಗೂ ಮುಖ್ಯವಾದ 10 ಪ್ರಶ್ನೆಗಳನ್ನು ಆರಿಸುತ್ತಾರೆ.

ಬೇಸರದ ಕೆಲಸವೂ ಇದೆ, ಮುಚ್ಚಿಡುವುದಿಲ್ಲ. ಒಂದು ಗಂಟೆಯ ಸಂದರ್ಶನವನ್ನು ಕೇಳಿ ಟೈಪ್ ಮಾಡಲು ನನಗೆ ಐದಾರು ಗಂಟೆ ಹಿಡಿಯುತ್ತಿತ್ತು. ರಿಸರ್ಚ್‌ನಿಂದ ರೋಗಿಗಳಿಗೆ ಅನ್ಯಾಯ ಆಗದಂತೆ ನೋಡಿಕೊಳ್ಳುವ ಎಥಿಕ್ಸ್ ಕಮಿಟಿಯ ಅನುಮತಿಗೆ ವಾರಗಟ್ಟಲೆ ಕಾಯಬೇಕಾಗುತ್ತದೆ. ಮೂರು ತಿಂಗಳಲ್ಲಿ ಅದು ದೊಡ್ಡ ಪಾಲು, ಅಲ್ವಾ? ಹಾಗಾಗಿ ಅನುಮತಿ ಆಗಲೇ ಸಿಕ್ಕಿರುವ ಪ್ರಾಜೆಕ್ಟ್ ಆದರೆ ಒಳ್ಳೆಯದು.

ಒಪ್ಪಿಕೊಳ್ಳುವ ಮುಂಚೆ ಗೈಡ್ ಹತ್ತಿರ ಇನ್ನೆರಡು ವಿಷಯ ಕೇಳಿ. ರೋಗಿಗಳನ್ನು ತಂಡಕ್ಕೆ ಸೇರಿಸಿಕೊಂಡಿದ್ದು ಯಾವಾಗ, ಪ್ರಶ್ನೆ ಬರೆಯುವ ಮೊದಲೋ ಆಮೇಲೋ? ಅವರ ಸಮಯಕ್ಕೆ, ಓಡಾಟದ ಖರ್ಚಿಗೆ ದುಡ್ಡು ಇಟ್ಟಿದ್ದಾರೋ? ಎರಡಕ್ಕೂ ಸರಿಯಾದ ಉತ್ತರ ಬರದಿದ್ದರೆ, ಅಲ್ಲಿ ರೋಗಿಗಳ ಹೆಸರು ಸುಮ್ನೆ ಕಾಗದದ ಮೇಲೆ ಇರಬಹುದು. ಅಂಥ ಕಡೆಗಿಂತ ಲ್ಯಾಬ್‌ಗೇ ಹೋಗಿ.