ಹಾಸಿಗೆ ಹಿಡಿದವರ ಆರೈಕೆಗೂ ವಿಮೆ: ಜಪಾನ್ ಹೇಗೆ ನಡೆಸುತ್ತಿದೆ?

ಪ್ರಶ್ನೆ: ಪಾರ್ಶ್ವವಾಯುವಿನಿಂದ ನನ್ನ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಎಪ್ಪತ್ತು ದಾಟಿದವರ ಆಯುಷ್ಮಾನ್ ಕಾರ್ಡ್ ಇದೆ. ಆದರೆ ಮನೆಗೆ ಬಂದು ನೋಡಿಕೊಳ್ಳುವವರ ಸಂಬಳ ಅದರಲ್ಲಿ ಸಿಗದು ಎಂದರು. ಜಪಾನಿನಲ್ಲಿ ಇದಕ್ಕೆಂದೇ ವಿಮೆ ಇದೆಯಂತೆ. ವೃದ್ಧರು ಹೆಚ್ಚುತ್ತಲೇ ಹೋದರೆ ಅಲ್ಲಿ ಹಣ ಹೇಗೆ ಸಾಲುತ್ತದೆ?
– ಓದುಗರೊಬ್ಬರು, ಹಾಸನ

ಉತ್ತರ: ನಿಮಗೆ ಹೇಳಿದ್ದು ನಿಜ. ಆ ಕಾರ್ಡ್ ಇರುವುದು ಆಸ್ಪತ್ರೆಗೆ ಸೇರಿದಾಗಿನ ಚಿಕಿತ್ಸೆಗೆ. ಸ್ನಾನ ಮಾಡಿಸುವುದು, ಮಗ್ಗುಲು ಹೊರಳಿಸುವುದು ಅದರ ಲೆಕ್ಕಕ್ಕೆ ಬರುವುದಿಲ್ಲ.

ಜಪಾನಿನಲ್ಲೂ ಇದೇ ಕೊರತೆಯಿತ್ತು. 1973ರಲ್ಲಿ ವೃದ್ಧರಿಗೆ ವೈದ್ಯಕೀಯ ಸೇವೆ ಉಚಿತವಾಯಿತು. ಮನೆಯಲ್ಲಿ ದಿಕ್ಕಿಲ್ಲದವರು ಚಿಕಿತ್ಸೆ ಮುಗಿದರೂ ಆಸ್ಪತ್ರೆಯಲ್ಲೇ ಉಳಿಯತೊಡಗಿದರು. 1997ರಲ್ಲಿ ಪ್ರತ್ಯೇಕ ಆರೈಕೆ ವಿಮೆಯ ಕಾಯ್ದೆ ಬಂದು, 2000ದ ಏಪ್ರಿಲ್‌ನಲ್ಲಿ ಜಾರಿಯಾಯಿತು. ನಲವತ್ತು ತುಂಬಿದವರೆಲ್ಲ ಕಂತು ಕಟ್ಟಬೇಕು. ಸೇವೆ ಪಡೆದವರು ಕೊಡುವ ಪಾಲನ್ನು ಬಿಟ್ಟು ಉಳಿದ ಖರ್ಚಿನಲ್ಲಿ ಅರ್ಧ ಈ ಕಂತಿನದು, ಅರ್ಧ ತೆರಿಗೆಯದು.

ನನಗೆ ಅತ್ಯಂತ ಮುಖ್ಯವೆನಿಸುವುದು ಅಗತ್ಯವನ್ನು ಅಳೆಯುವ ರೀತಿ. ಅರ್ಜಿ ಹಾಕಿದರೆ ಸ್ಥಳೀಯ ಆಡಳಿತದ ಕಡೆಯವರು ಮನೆಗೇ ಬರುತ್ತಾರೆ. ತಾವಾಗಿಯೇ ಮಗ್ಗುಲು ಬದಲಿಸಬಲ್ಲರೇ, ಉಗುರು ಕತ್ತರಿಸಿಕೊಳ್ಳಬಲ್ಲರೇ, ಹುಟ್ಟಿದ ದಿನ ಹೇಳಬಲ್ಲರೇ ಎಂದು 74 ಅಂಶಗಳನ್ನು ನೋಡಿ ಬರೆದುಕೊಳ್ಳುತ್ತಾರೆ. ಅದರ ಜೊತೆಗೆ ವೈದ್ಯರ ಅಭಿಪ್ರಾಯವನ್ನೂ ಇಟ್ಟುಕೊಂಡು ಸಮಿತಿಯೊಂದು ಏಳು ಮಟ್ಟಗಳಲ್ಲಿ ಒಂದನ್ನು ನಿಗದಿ ಮಾಡುತ್ತದೆ. ಈ ಮಟ್ಟ ನಿಂತಿರುವುದು ವೃದ್ಧರ ಸ್ಥಿತಿಯ ಮೇಲೆ. ಮನೆಯಲ್ಲಿ ಸೊಸೆ ಇದ್ದಾಳೆ ಎಂಬ ಕಾರಣಕ್ಕೆ ಅದು ಇಳಿಯುವುದಿಲ್ಲ. ನಿಮ್ಮಂಥವರ ದುಡಿಮೆಯನ್ನು ಪುಕ್ಕಟೆ ಎಂದು ಎಣಿಸದ ನೀತಿ ನಮಗೂ ಬೇಕು.

ಇನ್ನು ಹಣದ ಮಾತು. 65 ದಾಟಿದವರ ಸರಾಸರಿ ಮಾಸಿಕ ಕಂತು ಮೊದಲು 2,911 ಯೆನ್ ಇತ್ತು. 2024ರಿಂದ 6,225 ಯೆನ್. ಮೊದಲು ಎಲ್ಲರೂ ಖರ್ಚಿನ ಶೇ 10ರಷ್ಟು ಕೊಟ್ಟರೆ ಸಾಕಿತ್ತು. ಈಗ ಆದಾಯ ಹೆಚ್ಚಿರುವವರು ಶೇ 20 ಅಥವಾ 30 ಕೊಡಬೇಕು. ಸರ್ಕಾರಿ ನೆರವಿನ ವಿಶೇಷ ಆರೈಕೆ ಗೃಹಗಳಿಗೆ 2015ರಿಂದ ಸಾಮಾನ್ಯವಾಗಿ ಮೂರನೇ ಆರೈಕೆ ಮಟ್ಟ ಅಥವಾ ಅದಕ್ಕಿಂತ ಹೆಚ್ಚಿನ ಅಗತ್ಯವಿರುವವರಿಗೆ ಮಾತ್ರ ಪ್ರವೇಶ. ಇವೆಲ್ಲ ಕಹಿ ನಿರ್ಧಾರಗಳೇ. ಆದರೂ ವ್ಯವಸ್ಥೆ ಉಳಿದುಕೊಂಡಿದೆ. ನೀಗದ ಸಮಸ್ಯೆಯೆಂದರೆ ಕೆಲಸಗಾರರ ಕೊರತೆ. ಅದಕ್ಕಾಗಿ ಇಂಡೋನೇಷ್ಯಾ, ಫಿಲಿಪ್ಪೀನ್ಸ್, ವಿಯೆಟ್ನಾಂಗಳಿಂದ ಜನರನ್ನು ಕರೆಸಿಕೊಳ್ಳುತ್ತಿದ್ದಾರೆ.

ಸದ್ಯಕ್ಕೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹಾಸಿಗೆ ಹಿಡಿದವರ ಮನೆಗೆ ಸಿಬ್ಬಂದಿ ಭೇಟಿ ನೀಡಲು ಅವಕಾಶವಿದೆ. ಹಿರಿಯರ ಸಹಾಯವಾಣಿ 14567ಕ್ಕೂ ಕರೆ ಮಾಡಬಹುದು.